ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ಜನರ ಯೋಗಕ್ಷೇಮ

ಹಿಂದೆ ನಮ್ಮ ಹಿರಿಯರು ಊರಿಂದ ಊರಿಗೆ ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿಯೇ ತಮ್ಮ ಕ್ಷೇಮವನ್ನು ತಿಳಿಸಿ, ಎದುರಿನವರ ಕ್ಷೇಮವನ್ನು ವಿಚಾರಿಸುತ್ತಿದ್ದರು. ಸಾಲದ ಮಾತಾಗಲಿ, ಮದುವೆಯ ಮಾತಾಗಲಿ, ಹೊಲದ ವ್ಯಾಜ್ಯವಾಗಲಿ, ಕುಶಲಪ್ರಶ್ನೆಯಿಲ್ಲದೆ ಆರಂಭವಾಗುತ್ತಿರಲಿಲ್ಲ. ಮನೆಗೆ ಒಪ್ಪುವ ಈ ಪದ್ಧತಿಯು ರಾಜ್ಯಕ್ಕೂ ಒಪ್ಪುವಂತಹುದೇ ಸರಿ. ಪ್ರಜೆಗಳು ಎಷ್ಟು ಕಾಲ ಬದುಕುತ್ತಾರೆ, ಏನು ಸಂಪಾದಿಸುತ್ತಾರೆ, ಎಷ್ಟು ಜನ ಓದುಬರಹ ಬಲ್ಲರು ಎಂಬುದನ್ನು ಮೊದಲು ವಿಚಾರಿಸಿ, ಆ ಬಳಿಕ ಕಾನೂನುಗಳನ್ನೂ ಖರ್ಚುವೆಚ್ಚಗಳನ್ನೂ ನಿರ್ಧರಿಸುವುದು ಸರ್ಕಾರದ ಧರ್ಮ. ಈ ಮಾತು ಇಂದು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಆದರೆ ನೂರು ವರ್ಷಗಳಿಗೂ ಹಿಂದೆಯೇ ಇದನ್ನು ನಂಬಿ, ನಂಬಿದಂತೆ ನಡೆದು ತೋರಿಸಿದ ಕನ್ನಡಿಗರೊಬ್ಬರಿದ್ದರು. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಪ್ರಿಯ ವಿದ್ಯಾರ್ಥಿಗಳೆ, ಈ ಹೆಸರು ನಿಮಗೆ ಹೊಸದಲ್ಲ. ಕನ್ನಂಬಾಡಿಯ ಅಣೆಕಟ್ಟಿನ ಪಾಠವನ್ನು ನೀವು ಓದಿರುವಿರಿ. ಸರ್ಕಾರದ ಕೆಲಸಕ್ಕೆ ಒಂದು, ಸ್ವಂತ ಕೆಲಸಕ್ಕೆ ಒಂದು ಎಂದು ಅವರು ಎರಡು ಮೇಣದ ಬತ್ತಿಗಳನ್ನು ಇರಿಸಿಕೊಂಡಿದ್ದರೆಂಬ ಕಥೆಯನ್ನೂ ಕೇಳಿರುವಿರಿ. ಅವುಗಳನ್ನೇ ಇಲ್ಲಿ ಮತ್ತೆ ಹೇಳಲು ನಾವು ಹೊರಟಿಲ್ಲ. ಅಣೆಕಟ್ಟುಗಳನ್ನು ಕಟ್ಟಿದ ಆ ಮಹನೀಯರು ಜನರ ಬಾಳುವೆಯನ್ನು ಅಳೆದು ನೋಡಲು ಪಟ್ಟ ಶ್ರಮವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದೇ ಈ ಲೇಖನದ ಉದ್ದೇಶ. ಅದರಲ್ಲಿಯೂ ನಾವು ನೀವೆಲ್ಲರೂ ವಾಸಿಸುವ ಈ ಹೈದರಾಬಾದು ನಗರಕ್ಕೆ ಅವರಿಂದಾದ ಉಪಕಾರವನ್ನು ನೀವು ತಿಳಿದಿರಲೇಬೇಕು.

ವಿಶ್ವೇಶ್ವರಯ್ಯನವರು 1860ರ ದಶಕದ ಆರಂಭದಲ್ಲಿ, ಸೆಪ್ಟೆಂಬರ್ 15ನೆಯ ದಿನ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆತನದಲ್ಲಿ ವಿದ್ಯೆಯಿದ್ದಿತು, ಐಶ್ವರ್ಯವಿರಲಿಲ್ಲ. ಬಾಲ್ಯದಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿ ಬೆಂಗಳೂರಿಗೆ ಬಂದು, ಸೋದರಮಾವನ ಆಶ್ರಯದಲ್ಲಿದ್ದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನು ಪಡೆದರು. ಅವರು ಹುಡುಗರಾಗಿದ್ದ ಆ ಕಾಲದಲ್ಲಿ, 1876ರಿಂದ 1878ರವರೆಗೆ, ಮೈಸೂರು ಸೀಮೆಯನ್ನು ಘೋರವಾದ ಕ್ಷಾಮವು ಬಾಧಿಸಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಆ ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷಕ್ಕೂ ಇಳಿಯಿತು. ಎಂಟು ಲಕ್ಷಕ್ಕೂ ಮೇಲ್ಪಟ್ಟ ಈ ಕೊರತೆಯನ್ನು ಲೋಕಕ್ಕೆ ತಿಳಿಸಿದುದು ಗಣತಿಯ ಪಟ್ಟಿಯೇ. ಲೆಕ್ಕವೆಂದರೆ ಶುಷ್ಕವಾದುದೆಂದು ತಿಳಿಯುವವರು ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತು, 1883ರಲ್ಲಿ ಅವರು ಮೊದಲ ಸ್ಥಾನದಲ್ಲಿ ಉತ್ತೀರ್ಣರಾದರು. ಮರುವರ್ಷ ಮುಂಬಯಿ ಪ್ರಾಂತದ ಸರ್ಕಾರವು ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಸಿಂಧ್ ಪ್ರಾಂತದ ಸುಕ್ಕೂರಿಗೆ ಕುಡಿಯುವ ನೀರನ್ನು ಒದಗಿಸಿದುದು, ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿದುದು ಅವರ ಕೀರ್ತಿಯನ್ನು ಹೆಚ್ಚಿಸಿತು. 1898ರಲ್ಲಿ ಅವರು ಜಪಾನಿಗೆ ಹೋಗಿಬಂದರು. ಆ ಪುಟ್ಟ ದೇಶವು ಕೆಲವೇ ದಶಕಗಳಲ್ಲಿ ಮಕ್ಕಳೆಲ್ಲರನ್ನೂ ಶಾಲೆಗೆ ಸೇರಿಸಿ, ಕೈಕಸಬುಗಳನ್ನು ಕಾರ್ಖಾನೆಗಳನ್ನಾಗಿ ಬೆಳೆಸಿದ ಬಗೆಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. 1908ರಲ್ಲಿ ಮುಂಬಯಿ ಸರ್ಕಾರದ ಕೆಲಸವನ್ನು ತಾವಾಗಿಯೇ ಬಿಟ್ಟು ಯುರೋಪಿನ ಪ್ರವಾಸಕ್ಕೆ ಹೊರಟರು. ಆ ಪ್ರವಾಸದಲ್ಲಿದ್ದಾಗಲೇ ಹೈದರಾಬಾದಿನ ನಿಜಾಮ ಸರ್ಕಾರದ ಕರೆ ಅವರಿಗೆ ತಲುಪಿತು.

ಆ ಕರೆಗೆ ಕಾರಣವಾದ ದುರಂತವನ್ನು ಈ ನಗರದ ಹಳೆಯ ಮನೆತನಗಳು ಇಂದಿಗೂ ಮರೆತಿಲ್ಲ. 1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿಯು ದಡ ಮೀರಿ ನಗರದೊಳಕ್ಕೆ ನುಗ್ಗಿತು. ಮನೆಗಳು ಬುಡಸಹಿತ ಕೊಚ್ಚಿಹೋದುವು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈಗ ಉಸ್ಮಾನಿಯಾ ಆಸ್ಪತ್ರೆಯಿರುವ ಆವರಣದಲ್ಲಿ ಹುಣಿಸೆಯ ಮರವೊಂದಿದೆ. ಆ ದಿನ ಅದರ ಕೊಂಬೆಗಳನ್ನು ಹತ್ತಿ ಕುಳಿತ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಪ್ರಸಿದ್ಧಿ.

1909ರ ಏಪ್ರಿಲ್ ತಿಂಗಳಿನಲ್ಲಿ ವಿಶ್ವೇಶ್ವರಯ್ಯನವರು ಇಲ್ಲಿಗೆ ಬಂದರು. ಆಗ ಜನರ ಬಾಯಲ್ಲಿ ನಾನಾ ಮಾತುಗಳಿದ್ದುವು. ಇದು ದೈವದ ಮುನಿಸೆಂದು ಕೆಲವರು, ಮತ್ತೆ ಬರಲಾರದ ವಿಪತ್ತೆಂದು ಕೆಲವರು. ವಿಶ್ವೇಶ್ವರಯ್ಯನವರು ಮಾತಿಗೆ ಬದಲು ಲೆಕ್ಕಕ್ಕೆ ತೊಡಗಿದರು. ಮಳೆಯ ಅಳತೆಯ ಪುಸ್ತಕಗಳನ್ನು ತರಿಸಿ ನೋಡಿದರು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12 ಅಂಗುಲಕ್ಕೂ ಹೆಚ್ಚು ಮಳೆ ಸುರಿದಿದ್ದುದು ಗೊತ್ತಾಯಿತು. ನಗರಕ್ಕೆ ಮೇಲುಗಡೆ ಮೂಸಿಗೆ ನೀರು ಹರಿದುಬರುವ ಪ್ರದೇಶದಲ್ಲಿ ಎಷ್ಟು ಕೆರೆಗಳಿವೆಯೆಂದು ಎಣಿಸಿದಾಗ 788 ಎಂದು ತಿಳಿದುಬಂದಿತು. ಅವುಗಳಲ್ಲಿ 221 ಕೆರೆಗಳ ಕಟ್ಟೆಗಳು ಒಡೆದಿದ್ದುವು. ಒಂದು ಕೆರೆ ಒಡೆದು ಅದರ ಕೆಳಗಿನ ಕೆರೆಗೆ ನುಗ್ಗಿ, ಅದೂ ಒಡೆದು ಮುಂದಿನದಕ್ಕೆ ನುಗ್ಗಿ, ಎಲ್ಲ ನೀರೂ ಒಟ್ಟಾಗಿ ನಗರದ ಮೇಲೆ ಬಿದ್ದಿತು. ಮಳೆಯೊಂದೇ ಅಲ್ಲ, ಒಡೆದ ಕಟ್ಟೆಗಳೂ ಪ್ರಾಣಹಾನಿಗೆ ಕಾರಣವೆಂಬುದು ಇದರಿಂದ ಸ್ಪಷ್ಟವಾಯಿತು. ಕಾರಣ ತಿಳಿದ ಬಳಿಕ ಪರಿಹಾರವೂ ಗೋಚರಿಸಿತು. ನಗರದ ಮೇಲುಗಡೆ ಮೂಸಿ ನದಿಗೆ ಒಂದು, ಅದರ ಉಪನದಿಯಾದ ಈಸಿಗೆ ಒಂದು, ಹೀಗೆ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಸಲಹೆಯಿತ್ತರು. ನದಿಯ ದಡಗಳನ್ನು ಎತ್ತರಿಸಿ ಉದ್ಯಾನಗಳನ್ನು ಬೆಳೆಸುವುದು, ಕೊಳಚೆಯ ನೀರು ಹರಿದುಹೋಗಲು ಒಳಚರಂಡಿಗಳನ್ನು ನಿರ್ಮಿಸುವುದು, ಇವೂ ಅವರ ಯೋಜನೆಯಲ್ಲಿ ಸೇರಿದ್ದುವು.

ಆ ಸಲಹೆಯ ಫಲವಾಗಿ ಗಂಡಿಪೇಟೆಯ ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಸಿದ್ಧವಾದುವು. ರಜಾ ದಿನಗಳಲ್ಲಿ ನೀವು ಬುತ್ತಿ ಕಟ್ಟಿಕೊಂಡು ವಿಹಾರಕ್ಕೆ ಹೋಗುವ ಆ ಏರಿಯ ಹಿಂದೆ ಕೆರೆಗಳ ಒಂದು ಪಟ್ಟಿಯಿದೆ, ಮಳೆಯ ಒಂದು ಪುಸ್ತಕವಿದೆ. ಪ್ರವಾಹದಿಂದ ರಕ್ಷಿಸಲು ಕಟ್ಟಿದ ಆ ಜಲಾಶಯಗಳು ಬಹುಕಾಲ ಈ ನಗರದ ಬಾಯಾರಿಕೆಯನ್ನೂ ತಣಿಸಿದುವು. ಊರು ಬೆಳೆದಂತೆ ಮಾಂಜ್ರಾ, ಕೃಷ್ಣಾ, ಗೋದಾವರಿ ನದಿಗಳ ನೀರನ್ನು ತರಬೇಕಾಯಿತು.

1909ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. ಆ ಹುದ್ದೆಯನ್ನು ಒಪ್ಪಿಕೊಳ್ಳುವ ಮೊದಲೇ, ಕೈಗಾರಿಕೆ ಮತ್ತು ಶಿಕ್ಷಣಗಳ ಅಭಿವೃದ್ಧಿಗೂ ತಮಗೆ ಅವಕಾಶವುಂಟೆ ಎಂದು ಅವರು ವಿಚಾರಿಸಿದ್ದರು. ಕಟ್ಟಡಗಳನ್ನೂ ಕಾಲುವೆಗಳನ್ನೂ ಮಾತ್ರ ನೋಡಿಕೊಂಡಿರಲು ಅವರ ಮನಸ್ಸು ಒಪ್ಪಲಿಲ್ಲ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1911ರ ಜೂನ್ ತಿಂಗಳಿನಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು ಆರಂಭವಾದುದು ಮುಖ್ಯವಾಗಿ ಅವರ ಪ್ರೇರಣೆಯಿಂದಲೇ. ಅಧಿಕಾರಿಗಳೂ ಅಧಿಕಾರಿಗಳಲ್ಲದ ಸಾರ್ವಜನಿಕರೂ ಒಂದೆಡೆ ಕುಳಿತು ನಾಡಿನ ಸ್ಥಿತಿಗತಿಗಳನ್ನು ಚರ್ಚಿಸುವ ಸಭೆ ಅದು. ಶಿಕ್ಷಣಕ್ಕೆ ಒಂದು, ಬೇಸಾಯಕ್ಕೆ ಒಂದು, ಕೈಗಾರಿಕೆ ವ್ಯಾಪಾರಗಳಿಗೆ ಒಂದು, ಹೀಗೆ ಮೂರು ಸಮಿತಿಗಳು ಏರ್ಪಟ್ಟುವು. ಜಿಲ್ಲೆ ತಾಲ್ಲೂಕುಗಳಲ್ಲಿಯೂ ಸಮಿತಿಗಳಾದುವು.

ಆಗಿನ ಮೈಸೂರಿನ ಸ್ಥಿತಿ ಹೇಗಿದ್ದಿತು? 1911ರ ಗಣತಿಯಂತೆ ನೂರಕ್ಕೆ ಸುಮಾರು 6 ಜನ ಮಾತ್ರ ಅಕ್ಷರಸ್ಥರು. ಇಡೀ ಭಾರತದಲ್ಲಿ ಮನುಷ್ಯನ ಸರಾಸರಿ ಆಯುಸ್ಸು ಆ ಕಾಲದಲ್ಲಿ ಸುಮಾರು 23 ವರ್ಷ. ಸರಾಸರಿಯೆಂದರೆ ಎಲ್ಲರೂ 23ಕ್ಕೆ ಸಾಯುತ್ತಿದ್ದರೆಂದಲ್ಲ. ಹಸುಮಕ್ಕಳು ಅಷ್ಟು ಮಂದಿ ಸಾಯುತ್ತಿದ್ದುದರಿಂದ ಲೆಕ್ಕವು ಅಷ್ಟಕ್ಕೆ ಇಳಿದಿದ್ದಿತು. ಇಂತಹ ಅಂಕೆಗಳನ್ನು ಮುಚ್ಚಿಡುವುದು ಆಳುವವರ ಸ್ವಭಾವ. ವಿಶ್ವೇಶ್ವರಯ್ಯನವರಾದರೋ ಅವುಗಳನ್ನು ಜಪಾನ್, ಕೆನಡಾ, ಇಂಗ್ಲೆಂಡುಗಳ ಅಂಕೆಗಳ ಪಕ್ಕದಲ್ಲಿಟ್ಟು ಸಭೆ ಸಭೆಗಳಲ್ಲಿ ಸಾರಿದರು. ನಮ್ಮ ನಾಡನ್ನು ಹೀಗಳೆಯುವುದು ಅವರ ಉದ್ದೇಶವಾಗಿರಲಿಲ್ಲ. ರೋಗಿಯ ನಾಡಿ ನೋಡದೆ ಮದ್ದು ಕೊಡಬಾರದೆಂಬುದೇ ಅವರ ಮತ.

1912ರ ನವೆಂಬರ್‌ನಲ್ಲಿ ಅವರು ಮೈಸೂರಿನ ದಿವಾನರಾದರು. ಅಂಕೆಗಳು ತೋರಿಸಿದ ಕೊರತೆಗಳನ್ನು ತುಂಬಲು ಅವರು ಆರು ವರ್ಷ ಎಡೆಬಿಡದೆ ದುಡಿದರು. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಆಯ್ದ ಸ್ಥಳಗಳಲ್ಲಿ ಕಡ್ಡಾಯಗೊಳಿಸುವ ಕಾನೂನು ಬಂದಿತು. ಸುಮಾರು 4,500 ಇದ್ದ ಶಾಲೆಗಳು ಅವರು ಅಧಿಕಾರ ಬಿಡುವ ವೇಳೆಗೆ 10,000ವನ್ನು ಮೀರಿದುವು. ಮೈಸೂರು ಬ್ಯಾಂಕು 1913ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾದುವು. ಹಳ್ಳಿಗರು ವಾರದಲ್ಲಿ ಕೆಲವು ಹೊತ್ತು ಊರಿನ ಸಾಮಾನ್ಯ ಕೆಲಸಕ್ಕಾಗಿ ದುಡಿಯುವ ಗ್ರಾಮಸುಧಾರಣೆಯ ಯೋಜನೆಯೂ ಆಗಲೇ ಬಂದಿತು. ಕನ್ನಡದ ಮಕ್ಕಳಾದ ನೀವು ಇನ್ನೊಂದನ್ನು ನೆನಪಿಡಬೇಕು. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ಬೀಜ ಬಿದ್ದುದು ಸಂಪತ್ತಿನ ವಿಚಾರಕ್ಕೆಂದು ಏರ್ಪಟ್ಟ ಈ ಸಂಪದಭ್ಯುದಯ ಸಮಾಜದಲ್ಲಿಯೇ. ಜನರ ಭಾಷೆ ಬೆಳೆಯದೆ ಜನರ ಬಾಳು ಬೆಳೆಯದೆಂದು ಆ ಹಿರಿಯರು ಕಂಡುಕೊಂಡಿದ್ದರು.

ಇಷ್ಟು ಹೇಳಿ ಮುಂದಿನದನ್ನು ಮರೆಮಾಚಿದರೆ ನಾವು ಉಪಾಧ್ಯಾಯರಾಗಿ ತಪ್ಪು ಮಾಡಿದಂತಾಗುತ್ತದೆ. ಅಂಕೆಗಳನ್ನು ಅಷ್ಟು ಗೌರವಿಸಿದ ವಿಶ್ವೇಶ್ವರಯ್ಯನವರ ಮುಂದೆಯೇ ಇನ್ನೊಂದು ಬಗೆಯ ಅಂಕೆಗಳೂ ಬಂದುವು. ಮೈಸೂರಿನಲ್ಲಿ ಸಂಖ್ಯೆಯಲ್ಲಿ ಅಲ್ಪರಾದ ಬ್ರಾಹ್ಮಣರು ಸರ್ಕಾರದ ಮೇಲಿನ ಹುದ್ದೆಗಳಲ್ಲಿ ಬಹುಪಾಲನ್ನು ಹೊಂದಿದ್ದರು. ಮಿಕ್ಕ ಜಾತಿಗಳವರಿಗೆ ದೊರೆತಿದ್ದುದು ಬಹು ಸ್ವಲ್ಪ. ಈ ಅಸಮತೆಯನ್ನು ಪರಿಶೀಲಿಸಲು ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಶಿಕ್ಷಣವನ್ನು ಎಲ್ಲರಿಗೂ ಬೇಗ ಹರಡುವುದೇ ಇದಕ್ಕೆ ಸರಿಯಾದ ಮದ್ದು, ಹುದ್ದೆಗಳಿಗೆ ಅರ್ಹತೆಯೊಂದೇ ಅಳತೆಯಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಶಾಲೆಯ ಬಾಗಿಲೇ ತಲೆತಲಾಂತರದಿಂದ ಮುಚ್ಚಿದ್ದವರಿಗೆ ಆ ಮದ್ದು ಹಿಡಿಯುವವರೆಗೆ ಕಾಯಲು ಸಾಧ್ಯವಿಲ್ಲವೆಂಬುದು ಎದುರಿನವರ ನಿಲುವು. ಈ ಭಿನ್ನಾಭಿಪ್ರಾಯದಿಂದ ಅವರು 1918ರ ಡಿಸೆಂಬರಿನಲ್ಲಿ ದಿವಾನಗಿರಿಯನ್ನು ಬಿಟ್ಟರು. ಸಮಿತಿಯು ಮರುವರ್ಷ ಹಿಂದುಳಿದವರ ಪರವಾಗಿಯೇ ವರದಿಯಿತ್ತಿತು; ಸಂಸ್ಥಾನವು ಆ ದಾರಿಯಲ್ಲಿಯೇ ನಡೆಯಿತು. ನಮ್ಮ ಮಟ್ಟಿಗೆ ಹೇಳುವುದಾದರೆ, ಆ ಮಾರ್ಗವು ನಾಡಿಗೆ ಹಿತವನ್ನೇ ಮಾಡಿತು. ನಮ್ಮ ಮನೆತನದಲ್ಲಿ ಮೆಟ್ರಿಕ್ ಪರೀಕ್ಷೆಯವರೆಗೆ ಓದಿದವರಲ್ಲಿ ನಾವೇ ಮೊದಲಿಗರು. ಅಂತಹ ನೆರವಿಲ್ಲದಿದ್ದರೆ ಈ ಲೇಖನವನ್ನು ಬರೆಯುವ ಯೋಗವೇ ನಮಗೆ ಬರುತ್ತಿರಲಿಲ್ಲ. ಅಂಕೆಗಳು ಸ್ಥಿತಿಯನ್ನು ತೋರಿಸಬಲ್ಲುವು. ಏನು ಮಾಡಬೇಕೆಂಬುದನ್ನು ನಿರ್ಣಯಿಸುವಾಗ ದೊಡ್ಡವರಲ್ಲಿಯೂ ಭೇದಗಳು ಬರುತ್ತವೆ. ಮಹನೀಯರನ್ನು ಗೌರವಿಸುವುದೆಂದರೆ ಅವರು ಹೇಳಿದುದೆಲ್ಲವನ್ನೂ ಒಪ್ಪುವುದೆಂದಲ್ಲ.

ಅಧಿಕಾರವನ್ನು ಬಿಟ್ಟ ಮೇಲೂ ಅವರು ಸುಮ್ಮನಿರಲಿಲ್ಲ. 1925ರಲ್ಲಿ ಭಾರತ ಸರ್ಕಾರವು ದೇಶದ ಆರ್ಥಿಕ ವಿಚಾರಣೆಗೆಂದು ಸಮಿತಿಯೊಂದನ್ನು ನೇಮಿಸಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಈ ದೇಶದ ಬೇರೆ ಬೇರೆ ವರ್ಗಗಳ ಜನರು ಯಾವ ಸ್ಥಿತಿಯಲ್ಲಿದ್ದಾರೆಂದು ಹೇಳಲು ಸರ್ಕಾರದ ಬಳಿ ತಕ್ಕಷ್ಟು ಸಾಮಗ್ರಿಯಿದೆಯೆ, ಇಲ್ಲದಿದ್ದರೆ ಅದನ್ನು ಹೇಗೆ ಕೂಡಿಸಬೇಕು ಎಂಬುದೇ ಸಮಿತಿಯ ಮುಂದಿದ್ದ ಪ್ರಶ್ನೆ. ಕೋಟಿ ಕೋಟಿ ಜನರನ್ನು ಆಳುತ್ತಿದ್ದ ಸರ್ಕಾರಕ್ಕೆ ಕಂದಾಯದ ಲೆಕ್ಕ ಕಾಸುಕಾಸಿನವರೆಗೆ ಗೊತ್ತಿದ್ದಿತು. ಕಂದಾಯ ತೆತ್ತವನ ಮನೆಯಲ್ಲಿ ಉಳಿದುದೆಷ್ಟೆಂಬುದು ಗೊತ್ತಿರಲಿಲ್ಲ. ಜನನ ಮರಣ, ಶಿಕ್ಷಣ, ಬೆಳೆ, ಕೈಗಾರಿಕೆಗಳ ಅಂಕೆಗಳಲ್ಲದೆ ಜನರ ವರಮಾನ, ಕೂಲಿ, ಜೀವನದ ವೆಚ್ಚ, ಸಾಲ ಇವುಗಳ ಅಂಕೆಗಳನ್ನೂ ಕೂಡಿಸಬೇಕೆಂದು ಸಮಿತಿಯು ಹೇಳಿತು. ಅದಕ್ಕಾಗಿ ಒಂದು ಕಾನೂನು, ಕೇಂದ್ರದಲ್ಲಿಯೂ ಪ್ರಾಂತಗಳಲ್ಲಿಯೂ ಅಂಕೆಸಂಖ್ಯೆಗಳ ಕಚೇರಿಗಳು, ಮಾದರಿಗೆ ಆಯ್ದ ಹಳ್ಳಿಗಳಲ್ಲಿ ಮನೆಮನೆಯ ವಿಚಾರಣೆ ಇರಬೇಕೆಂದು ಸೂಚಿಸಿತು. ಮೂವರು ಸದಸ್ಯರಲ್ಲಿ ಒಬ್ಬರು ಭಿನ್ನಾಭಿಪ್ರಾಯವನ್ನು ಬರೆದರು. ಸಲಹೆಗಳು ಬಹುಮಟ್ಟಿಗೆ ಕಡತದಲ್ಲಿಯೇ ಉಳಿದುವು. ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ ಅವರು ಎದೆಗುಂದದೆ, 1934ರಲ್ಲಿ, ಹತ್ತು ವರ್ಷಗಳಲ್ಲಿ ದೇಶದ ವರಮಾನವನ್ನು ಇಮ್ಮಡಿಗೊಳಿಸುವ ಯೋಜನೆಯನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು.

ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಮನೆಮನೆಗೆ ಹೋಗಿ ಜನರ ಬಾಳುವೆಯನ್ನು ವಿಚಾರಿಸುವ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಆರಂಭವಾಯಿತು. ಅಂಕೆಗಳನ್ನು ಕೂಡಿಸುವ ಕಾನೂನು 1953ರಲ್ಲಿ ಬಂದಿತು. ಇವನ್ನು ಅವರು ಕಣ್ಣಾರೆ ಕಂಡರು. 1955ರಲ್ಲಿ ರಾಷ್ಟ್ರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. ನೂರು ವರ್ಷಗಳ ತುಂಬು ಬಾಳನ್ನು ಬಾಳಿ, 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಅವರು ದೈವಾಧೀನರಾದರು.

ಅವರ ಬಳಿಕ ಲೋಕವು ಈ ದಾರಿಯಲ್ಲಿ ಬಹಳ ಮುಂದೆ ಬಂದಿದೆ. ಸಂಯುಕ್ತ ರಾಷ್ಟ್ರಸಂಘದ ಆಶ್ರಯದಲ್ಲಿ 1990ರಿಂದ ದೇಶಗಳ ಮಾನವ ಅಭಿವೃದ್ಧಿಯನ್ನು ಅಳೆಯುತ್ತಿದ್ದಾರೆ. ಆಯುಸ್ಸು, ವಿದ್ಯೆ, ವರಮಾನ ಈ ಮೂರೇ ಅದಕ್ಕೆ ಆಧಾರ. ವಿಶ್ವೇಶ್ವರಯ್ಯನವರು ಮೈಸೂರಿನ ಸಭೆಗಳಲ್ಲಿ ಎತ್ತಿ ಹೇಳುತ್ತಿದ್ದುದೂ ಇವುಗಳನ್ನೇ. ನೆರೆಯ ಭೂತಾನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬದುಕಿನಲ್ಲಿ ನಿಮಗೆ ತೃಪ್ತಿಯಿದೆಯೆ ಎಂದು ಪ್ರಜೆಗಳನ್ನೇ ಕೇಳಿ, ಆ ಉತ್ತರಗಳನ್ನು ರಾಜ್ಯನೀತಿಗೆ ಬಳಸಿಕೊಳ್ಳುತ್ತದೆ. ವಿಶ್ವೇಶ್ವರಯ್ಯನವರ ಅಳತೆಗೋಲಿನಲ್ಲಿ ಈ ಪ್ರಶ್ನೆಯಿರಲಿಲ್ಲ. ಕರ್ನಾಟಕದಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 35 ಸೂಚಿಗಳಿಂದ ಆಗಿನ 175 ತಾಲ್ಲೂಕುಗಳನ್ನು ಅಳೆದು, ಅವುಗಳಲ್ಲಿ 114 ಹಿಂದುಳಿದಿವೆಯೆಂದು 2002ರಲ್ಲಿ ವರದಿಯಿತ್ತಿತು. ನಿಮ್ಮಲ್ಲಿ ಅನೇಕರ ತಂದೆತಾಯಿಗಳು ಬಿಟ್ಟುಬಂದ ಬೀದರ, ಕಲಬುರಗಿ, ರಾಯಚೂರುಗಳ ಹಿಂದುಳಿದಿರುವಿಕೆಗೆ ಅಂಕೆಗಳ ಸಾಕ್ಷ್ಯ ದೊರೆತುದು ಹೀಗೆ. ಆ ಸೀಮೆಗೆ ವಿಶೇಷ ಸೌಲಭ್ಯವನ್ನು ಕೊಡುವ ಸಂವಿಧಾನದ 371(ಜೆ) ವಿಧಿಯು ಆ ಬಳಿಕ ಬಂದಿತು.

ಕೊನೆಗೆ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಾವೂ ಬೀದರ ಜಿಲ್ಲೆಯ ಹಳ್ಳಿಯೊಂದರಿಂದ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರು. ಕೆಲವು ಮಕ್ಕಳು ಪದೇ ಪದೇ ಮೊದಲನೆಯ ಗಂಟೆಗೆ ತಡವಾಗಿ ಬರುವುದನ್ನು ಕಂಡು, ಸೋಮಾರಿಗಳೆಂದು ಗದರಿ, ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆವು. ಈ ಲೇಖನಕ್ಕಾಗಿ 788 ಕೆರೆಗಳ ವಿಚಾರವನ್ನು ಓದುತ್ತಿದ್ದಾಗ ನಮಗೆ ನಾಚಿಕೆಯಾಯಿತು. ಮರುದಿನವೇ ಹಾಜರಿಯ ಪುಸ್ತಕವನ್ನು ತೆರೆದು ಒಂದು ತಿಂಗಳ ತಡಗಳನ್ನು ತಾರೀಖಿನಂತೆ ಬರೆದೆವು. ಒಂದು ದಿನ ಬಿಟ್ಟು ಒಂದು ದಿನ ತಡ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿದಾಗ, ಅವರ ಓಣಿಗಳಲ್ಲಿ ನಲ್ಲಿಯ ನೀರು ದಿನ ಬಿಟ್ಟು ದಿನ ಬೆಳಗಿನ ಹೊತ್ತು ಬರುವುದೆಂದೂ, ಕೂಲಿಗೆ ಹೋದ ತಾಯಿತಂದೆಗಳ ಬದಲು ಬಿಂದಿಗೆ ಹಿಡಿದು ಸರದಿಯಲ್ಲಿ ನಿಲ್ಲುವವರು ಇವರೇ ಎಂದೂ ತಿಳಿಯಿತು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನಾವು ಈ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟೆವು. ಈಗ ನೀರಿನ ದಿನಗಳಲ್ಲಿ ಹಾಜರಿಯನ್ನು ಎರಡನೆಯ ಗಂಟೆಗೆ ಕರೆಯುತ್ತಾರೆ; ಮೊದಲ ಗಂಟೆಯ ಪಾಠವನ್ನು ಸಂಜೆ ಮತ್ತೊಮ್ಮೆ ಹೇಳುತ್ತೇವೆ. ಬಾಗಿಲ ಹೊರಗೆ ನಿಂತ ಆ ಮಕ್ಕಳ ಕ್ಷಮೆಯನ್ನು ಈ ಪುಟಗಳಲ್ಲಿ ಬೇಡುತ್ತೇವೆ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ಮುಂದೆ ಅಧಿಕಾರಿಗಳಾಗುವಿರಿ, ಕೆಲವರು ವೈದ್ಯರೋ ಉಪಾಧ್ಯಾಯರೋ ಆಗುವಿರಿ. ಆಗ ಯಾರ ಮೇಲಾದರೂ ಒಂದು ನಿಯಮವನ್ನು ಹೇರುವ ಮುನ್ನ ಅವರ ಯೋಗಕ್ಷೇಮವನ್ನು ವಿಚಾರಿಸಿರಿ, ವಿಚಾರಿಸಿದುದನ್ನು ಬರೆದಿಡಿರಿ, ಬರೆದುದು ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಮುಚ್ಚಿಡಬೇಡಿರಿ. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ನಗರದ ಕನ್ನಡ ಮಕ್ಕಳು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಹೆಚ್ಚಿನದಿಲ್ಲ.